ಎಳೆಯುವ ಬಲ, ಹೊರುವ ಬಲ: ಕುಟುಂಬದ ದೂರ ಪ್ರಯಾಣಕ್ಕೆ ಟ್ರಾವೆಲ್ ಟ್ರೇಲರ್ ಆರಿಸುವ ಮಾರ್ಗದರ್ಶಿ

ಟ್ರಾವೆಲ್ ಟ್ರೇಲರ್, ಅಂದರೆ ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆ, ಕೊಳ್ಳಲು ಅಥವಾ ಬಾಡಿಗೆಗೆ ಪಡೆಯಲು ಹೊರಟ ಕುಟುಂಬಗಳು ಮೊದಲು ನೋಡುವುದು ಒಳಗಿನ ಹಾಸಿಗೆಗಳನ್ನು, ಅಡುಗೆಯ ಕಟ್ಟೆಯನ್ನು, ಸ್ನಾನದ ಮೂಲೆಯನ್ನು. ಆಮೇಲೆ ತಮ್ಮ ವಾಹನದ ಕೈಪಿಡಿ ತೆರೆದು, ಅದು ಎಷ್ಟು ಕಿಲೋ ಎಳೆಯಬಲ್ಲದು ಎಂಬ ಒಂದೇ ಅಂಕಿಯನ್ನು ಹುಡುಕಿ, ಟ್ರೇಲರ್‌ನ ತೂಕ ಅದರೊಳಗೆ ಬಂದರೆ ನಿಶ್ಚಿಂತರಾಗುತ್ತಾರೆ. ನಾವೂ ಮೊದಲ ಸಲ ಹಾಗೆಯೇ ಮಾಡಿದೆವು. ಮೂರು ವಾರದ ಪ್ರಯಾಣಕ್ಕೆ ಬೇಕಾದುದನ್ನೆಲ್ಲ ತುಂಬಿ, ಮಕ್ಕಳನ್ನು ಕೂರಿಸಿ, ಟ್ರೇಲರ್ ಜೋಡಿಸಿ ಹೊರಟಾಗ ವಾಹನದ ಹಿಂಭಾಗ ನಾಲ್ಕು ಬೆರಳಿನಷ್ಟು ಕುಸಿದಿತ್ತು. ಕತ್ತಲಾದ ಮೇಲೆ ಹೆಡ್‌ಲೈಟಿನ ಬೆಳಕು ರಸ್ತೆಯನ್ನು ಬಿಟ್ಟು ಮರದ ಕೊಂಬೆಗಳ ಮೇಲೆ ಬೀಳುತ್ತಿತ್ತು. ಸ್ಟಿಯರಿಂಗ್ ಹಗುರವಾಗಿ, ಮುಂದಿನ ಚಕ್ರಗಳಿಗೆ ನೆಲದ ಹಿಡಿತವೇ ಇಲ್ಲವೇನೋ ಎಂಬಂತೆ ತೋರುತ್ತಿತ್ತು. ಮರುದಿನ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿದಾಗ, ಎಳೆಯುವ ಬಲ ಇನ್ನೂ ಸಾಕಷ್ಟು ಮಿಕ್ಕಿರುವುದೂ ಹೊರುವ ಬಲ ಮುಗಿದುಹೋಗಿರುವುದೂ ಒಟ್ಟಿಗೆ ಗೊತ್ತಾಯಿತು.

ಈ ಎರಡು ಬಲಗಳ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ, ಯಾವ ಬಗೆಯ ಟ್ರೇಲರ್, ಯಾವ ಜೋಡಣೆ, ಯಾವ ಬ್ರೇಕ್, ಯಾವ ವಾಹನ ಎಂಬ ಪ್ರಶ್ನೆಗಳಿಗೆ ಉತ್ತರ ಬಹುಮಟ್ಟಿಗೆ ತಾನಾಗಿಯೇ ದೊರೆಯುತ್ತದೆ. ಆದ್ದರಿಂದ ಮೊದಲು ತೂಕದ ಮಾತು.

ಮೊದಲು ತೂಕ, ಆಮೇಲೆ ಹಾಸಿಗೆ

ಟ್ರೇಲರ್‌ನ ಮಾರಾಟದ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಅದರ ಖಾಲಿ ತೂಕ. ನೀರು, ಅಡುಗೆ ಅನಿಲ, ಬಟ್ಟೆಬರೆ, ಪಾತ್ರೆ, ಹಾಸಿಗೆ ಹೊದಿಕೆ ಇವು ಯಾವುವೂ ಅದರಲ್ಲಿ ಇರುವುದಿಲ್ಲ. ಎಷ್ಟೋ ಸಲ ಬ್ಯಾಟರಿಯೂ ಇರುವುದಿಲ್ಲ. 150 ಲೀಟರ್ ನೀರಿನ ತೊಟ್ಟಿ ತುಂಬಿದರೆ 150 ಕಿಲೋ ಸೇರಿತು. ತಲಾ 9 ಕಿಲೋ ಅನಿಲ ಹಿಡಿಯುವ ಎರಡು ಉಕ್ಕಿನ ಸಿಲಿಂಡರ್‌ಗಳು ತಮ್ಮ ತೂಕವನ್ನೂ ಕೂಡಿಸಿಕೊಂಡು 30 ಕಿಲೋ ದಾಟುತ್ತವೆ. ವಾರಗಟ್ಟಲೆ ಹೊರಗಿರುವ ಕುಟುಂಬ ಎಷ್ಟೇ ಹಿಡಿತದಿಂದ ಸಾಮಾನು ತುಂಬಿದರೂ ತಯಾರಕರು ನಿಗದಿಪಡಿಸಿದ ಗರಿಷ್ಠ ತೂಕದ ಸಮೀಪಕ್ಕೆ ಹೋಗಿಯೇ ಹೋಗುತ್ತದೆ. ಹಾಗಾಗಿ ಲೆಕ್ಕವನ್ನು ಖಾಲಿ ತೂಕದಿಂದ ಮಾಡದೆ, ಟ್ರೇಲರ್‌ನ ಫಲಕದ ಮೇಲೆ ಬರೆದಿರುವ ಗರಿಷ್ಠ ತೂಕದಿಂದಲೇ ಮಾಡಬೇಕು.

ಇನ್ನು ಮೂಕಿಯ ಭಾರ. ಎತ್ತಿನ ಗಾಡಿಯ ಮೂಕಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹೊರೆಯ ಒಂದು ಪಾಲು ಸದಾ ನೊಗದ ಮೇಲೆ ಕೂರುತ್ತದೆ. ಟ್ರೇಲರ್‌ನಲ್ಲಿ ಆ ಪಾಲು ವಾಹನದ ಹಿಚ್ ಮೇಲೆ, ಅಂದರೆ ಟ್ರೇಲರ್ ಜೋಡಿಸುವ ಕೊಂಡಿಯ ಮೇಲೆ, ಕೂರುತ್ತದೆ, ಅದಕ್ಕೆ ಟಂಗ್ ವೇಟ್ ಎನ್ನುತ್ತಾರೆ. ಉತ್ತರ ಅಮೆರಿಕದ ಸಾಮಾನ್ಯ ಟ್ರಾವೆಲ್ ಟ್ರೇಲರ್‌ಗಳಲ್ಲಿ ಇದು ಟ್ರೇಲರ್‌ನ ತುಂಬಿದ ತೂಕದ ಶೇ. 10ರಿಂದ 15ರಷ್ಟು ಇರಬೇಕು. ಈ ಭಾರವನ್ನು ವಾಹನವು ಎಳೆಯುವುದಿಲ್ಲ, ಹೊರುತ್ತದೆ. ಒಳಗೆ ಕುಳಿತ ಜನರ ಹಾಗೂ ಹಿಂದೆ ತುಂಬಿದ ಪೆಟ್ಟಿಗೆಗಳ ಜೊತೆಗೆ ಅದೇ ಲೆಕ್ಕಕ್ಕೆ ಸೇರುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ವಾಹನದ ಬಾಗಿಲ ಚೌಕಟ್ಟಿನ ಫಲಕವು ಜನ ಮತ್ತು ಸಾಮಾನು ಸೇರಿ 600 ಕಿಲೋ ಮೀರಬಾರದು ಎನ್ನುತ್ತದೆ ಎಂದಿಟ್ಟುಕೊಳ್ಳಿ. ಇಬ್ಬರು ದೊಡ್ಡವರು 150 ಕಿಲೋ, ಇಬ್ಬರು ಮಕ್ಕಳು ತಮ್ಮ ಸೀಟುಗಳೊಂದಿಗೆ 75 ಕಿಲೋ, ವಾಹನದೊಳಗಿನ ಸಾಮಾನು 90 ಕಿಲೋ, ಹಿಚ್‌ನ ಉಪಕರಣ 40 ಕಿಲೋ. ಉಳಿದದ್ದು 245 ಕಿಲೋ. ಟ್ರೇಲರ್ ತುಂಬಿದಾಗ 2,400 ಕಿಲೋ ತೂಗಿ, ಅದರ ಎಂಟನೇ ಒಂದು ಭಾಗ ಹಿಚ್ ಮೇಲೆ ಬಂದರೆ ಅದೇ 300 ಕಿಲೋ. ಅಂದರೆ 3,400 ಕಿಲೋ ಎಳೆಯಬಲ್ಲದು ಎಂದು ಹೇಳಿಕೊಳ್ಳುವ ವಾಹನ, ಅದಕ್ಕಿಂತ 1,000 ಕಿಲೋ ಹಗುರವಾದ ಟ್ರೇಲರ್ ಕಟ್ಟಿದಾಗಲೇ 55 ಕಿಲೋ ಮಿತಿಮೀರಿ ಹೊತ್ತಿರುತ್ತದೆ. ಇದು ಅಪರೂಪದ ಉದಾಹರಣೆಯಲ್ಲ. ನಾಲ್ಕು ಜನರ ಕುಟುಂಬ ಮಧ್ಯಮ ಗಾತ್ರದ ವಾಹನದಲ್ಲಿ ಹೊರಟರೆ ಹೆಚ್ಚಾಗಿ ಆಗುವುದೇ ಹೀಗೆ. ಒಂದು ಸೂಕ್ಷ್ಮವಿದೆ: ಈ 600 ಕಿಲೋದಲ್ಲಿ ಚಾಲಕನೂ ಸೇರಿದ್ದಾನೆ. ಯುರೋಪಿನ ಲೆಕ್ಕಗಳಲ್ಲಿ ಹಲವು ಸಲ ಚಾಲಕನ 75 ಕಿಲೋವನ್ನು ವಾಹನದ ಸ್ವಂತ ತೂಕದಲ್ಲೇ ಸೇರಿಸಿರುತ್ತಾರೆ. ಆದ್ದರಿಂದ ಫಲಕದ ಅಂಕಿಯ ಅರ್ಥವೇನೆಂದು ಕೈಪಿಡಿಯಲ್ಲಿ ಓದಿಯೇ ಮುಂದುವರಿಯಬೇಕು.

ಎಳೆಯುವ ಸಾಮರ್ಥ್ಯದ ಅಂಕಿ ಸುಳ್ಳೇ ಎಂದು ಯಾರಾದರೂ ಕೇಳಬಹುದು. ಸುಳ್ಳಲ್ಲ. ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ 2008ರಲ್ಲಿ ಹೊರಡಿಸಿದ ಜೆ2807 ಎಂಬ ಮಾನದಂಡದ ಪ್ರಕಾರ, ವಾಹನವು ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು, ಅಂದರೆ ಸುಮಾರು 18 ಕಿ.ಮೀ. ಉದ್ದದ ಬಿಸಿಲಿನ ಏರುದಾರಿಯನ್ನು, ಏರ್ ಕಂಡೀಷನರ್ ಪೂರ್ತಿ ಹಾಕಿಕೊಂಡು ನಿಗದಿತ ವೇಗಕ್ಕಿಂತ ಕೆಳಗಿಳಿಯದೆ ಹತ್ತಬೇಕು. ಅದು ಕಠಿಣವಾದ, ಪ್ರಾಮಾಣಿಕವಾದ ಪರೀಕ್ಷೆ. ಆದರೆ ಆ ಲೆಕ್ಕದಲ್ಲಿ ವಾಹನದೊಳಗೆ ಇರುವವರು ಚಾಲಕ ಮತ್ತು ಇನ್ನೊಬ್ಬ ಪ್ರಯಾಣಿಕ ಮಾತ್ರ. ಹಿಂದಿನ ಸೀಟಿನಲ್ಲಿ ಮಕ್ಕಳು, ಅವರ ಹಿಂದೆ ಪೆಟ್ಟಿಗೆಗಳು ಬಂದ ಕೂಡಲೇ ಆ ಅಂಕಿ ನಿಮ್ಮದಾಗಿ ಉಳಿಯುವುದಿಲ್ಲ.

ಟ್ರೇಲರ್‌ನ ಬಗೆಗಳು

ಮಡಚಿಡುವ ಪಾಪ್-ಅಪ್ ಟ್ರೇಲರ್ ಇರುವುದರಲ್ಲೇ ಹಗುರವಾದದ್ದು. ಎಳೆಯುವಾಗ ಅದು ವಾಹನದ ನೆರಳಿನಲ್ಲೇ ಅಡಗಿರುವುದರಿಂದ ಗಾಳಿಯ ತಡೆ ಕಡಿಮೆ, ಹಿಂದಿನ ಗಾಜಿನಿಂದ ರಸ್ತೆಯೂ ಕಾಣುತ್ತದೆ, ಸಾಧಾರಣ ವಾಹನವೂ ಅದನ್ನು ಹೊರಬಲ್ಲದು. ಒಂದೇ ಜಾಗದಲ್ಲಿ ವಾರವಿಡೀ ತಂಗುವವರಿಗೆ ಇದಕ್ಕಿಂತ ಒಳ್ಳೆಯದು ಬೇಡ. ದಿನಕ್ಕೊಂದು ಊರು ಎಂಬಂಥ ದೂರ ಪ್ರಯಾಣಕ್ಕೆ ಮಾತ್ರ ಇದನ್ನು ನಾನು ಸೂಚಿಸಲಾರೆ. ಪ್ರತಿ ಸಂಜೆ ಬಿಚ್ಚಿ ನಿಲ್ಲಿಸಲು ಅರ್ಧ ಗಂಟೆ, ಬೆಳಿಗ್ಗೆ ಮಡಚಲು ಇನ್ನಷ್ಟು. ಮಳೆಯಲ್ಲಿ ಮಡಚಿದ ಬಟ್ಟೆಯ ಗೋಡೆಯನ್ನು ಮತ್ತೆ ಬಿಚ್ಚಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹೆದ್ದಾರಿಯ ಪಕ್ಕ ನಿಲ್ಲಿಸಿದಾಗ ಅದರೊಳಗಿನ ಶೌಚಾಲಯವಾಗಲಿ ಒಲೆಯಾಗಲಿ ಕೈಗೆ ಸಿಗುವುದಿಲ್ಲ. ಪುಟ್ಟ ಮಕ್ಕಳೊಂದಿಗೆ ಹೊರಟವರಿಗೆ ಟ್ರೇಲರ್‌ನಿಂದ ಆಗುವ ದೊಡ್ಡ ಉಪಕಾರವೇ ಇದು: ಎಲ್ಲಿ ನಿಲ್ಲಿಸಿದರೂ ಬಾಗಿಲು ತೆರೆದು ಒಳಗೆ ಹೋಗಬಹುದು, ಅಳುವ ಮಗುವನ್ನು ತನ್ನದೇ ಹಾಸಿಗೆಯಲ್ಲಿ ಹತ್ತು ನಿಮಿಷ ಮಲಗಿಸಬಹುದು.

ಗಟ್ಟಿ ಗೋಡೆಯ ಟ್ರೇಲರ್‌ನಲ್ಲಿ ಒಂದು ಆಕ್ಸಲ್ (ಚಕ್ರಗಳ ಅಚ್ಚು) ಇರಬೇಕೋ ಎರಡಿರಬೇಕೋ ಎಂಬುದು ಮುಂದಿನ ಪ್ರಶ್ನೆ. ಒಂದೇ ಆಕ್ಸಲ್‌ನದು ಹಗುರ. ಎರಡು ಟೈರ್, ಎರಡು ಬ್ರೇಕ್ ಕಡಿಮೆ. ಇಕ್ಕಟ್ಟಾದ ಜಾಗದಲ್ಲಿ ಸುಲಭವಾಗಿ ತಿರುಗುತ್ತದೆ. ಎರಡು ಆಕ್ಸಲ್‌ನದು ನೇರ ರಸ್ತೆಯಲ್ಲಿ ಸ್ಥಿರ. ಬಿಗಿ ತಿರುವಿನಲ್ಲಿ ಟೈರ್‌ಗಳು ಅಡ್ಡಡ್ಡವಾಗಿ ಉಜ್ಜಿ ಸವೆಯುತ್ತವೆ ಎಂಬುದೊಂದು ದೋಷ. ಆದರೆ ಟೈರ್ ಸಿಡಿದ ಗಳಿಗೆಯಲ್ಲಿ ವ್ಯತ್ಯಾಸ ದೊಡ್ಡದು. ಎರಡು ಆಕ್ಸಲ್ ಇದ್ದರೆ ಪಕ್ಕದ ಚಕ್ರ ಆ ಬದಿಯನ್ನು ಎತ್ತಿ ಹಿಡಿದಿರುತ್ತದೆ, ನಿಧಾನವಾಗಿ ಬದಿಗೆ ಬರಲು ಸಮಯ ಸಿಗುತ್ತದೆ. ಒಂದೇ ಆಕ್ಸಲ್ ಇದ್ದರೆ ಆ ಬದಿಯೇ ನೆಲಕ್ಕೆ ಕುಸಿಯುತ್ತದೆ. ಸಾವಿರಾರು ಕಿಲೋಮೀಟರ್ ಹೋಗಬೇಕಾದ ಕುಟುಂಬಕ್ಕೆ, ತನ್ನ ವಾಹನ ಹೊರಬಲ್ಲುದಾದರೆ, ಎರಡು ಆಕ್ಸಲ್ ಉತ್ತಮ ಎಂಬುದು ನನ್ನ ಅಭಿಪ್ರಾಯ. ಹೊರಲಾರದಿದ್ದರೆ ಚಿಕ್ಕ ಟ್ರೇಲರ್ ಆರಿಸಬೇಕೇ ಹೊರತು ಮಿತಿಯ ಅಂಚಿನಲ್ಲಿ ನಿಂತು ದೊಡ್ಡದನ್ನು ಎಳೆಯಬಾರದು.

ಫಿಫ್ತ್ ವೀಲ್ ಎಂಬ ಬಗೆಯದು ಪಿಕಪ್ ವಾಹನದ ಹಿಂಬದಿಯ ತೊಟ್ಟಿಯೊಳಗೆ, ಹಿಂದಿನ ಆಕ್ಸಲ್‌ನ ಸರಿಮೇಲೆ ಅಥವಾ ಅದಕ್ಕಿಂತ ತುಸು ಮುಂದೆ ಜೋಡಣೆಯಾಗುತ್ತದೆ. ಭಾರ ಅಲ್ಲಿ ಕೂರುವುದರಿಂದ ತೂಗಾಡುವ ಚಾಳಿ ಬಹುಮಟ್ಟಿಗೆ ಇಲ್ಲವಾಗುತ್ತದೆ. ಎಳೆಯುವ ಸುಖದಲ್ಲಿ ಇದಕ್ಕೆ ಸಾಟಿಯಿಲ್ಲ. ಅದಕ್ಕೆ ತೆರುವ ಬೆಲೆ ಹೊರುವ ಬಲದಲ್ಲಿದೆ. ಇದರ ಶೇ. 15ರಿಂದ 25ರಷ್ಟು ತೂಕ ವಾಹನದ ಮೇಲೆ ಬೀಳುತ್ತದೆ. 4,500 ಕಿಲೋ ಟ್ರೇಲರ್‌ನ ಐದನೇ ಒಂದು ಭಾಗವೆಂದರೆ 900 ಕಿಲೋ. ಮನೆಮಂದಿ ಒಳಗೆ ಕುಳಿತ ಮೇಲೂ ಅಷ್ಟನ್ನು ಹೊರಲು ಭಾರಿ ಪಿಕಪ್ ವಾಹನವೇ ಬೇಕು. ಅದರ ತೊಟ್ಟಿಯಲ್ಲಿ ಸಾಮಾನಿಗೆ ಜಾಗ ಉಳಿಯುವುದಿಲ್ಲ, ಎತ್ತರ ಸುಮಾರು 4 ಮೀಟರ್ ತಲಪುವುದರಿಂದ ತಗ್ಗು ಸೇತುವೆಗಳ ಕೆಳಗೆ ಹೋಗುವಾಗ ಎಚ್ಚರ ಬೇಕು. ಅಂಥ ವಾಹನ ಈಗಾಗಲೇ ಇದ್ದವರು ಇದನ್ನು ಗಂಭೀರವಾಗಿ ಪರಿಗಣಿಸಲಿ. ಇಲ್ಲದವರು ಇದಕ್ಕಾಗಿಯೇ ಒಂದನ್ನು ಕೊಳ್ಳುವುದು ನನಗೆ ಸರಿತೋರುವುದಿಲ್ಲ.

ಎಳೆಯುವ ರಗಳೆಯೇ ಬೇಡ, ತನ್ನದೇ ಎಂಜಿನ್ ಇರುವ ಗಾಲಿಮನೆ, ಅಂದರೆ ಮೋಟರ್‌ಹೋಮ್, ತೆಗೆದುಕೊಂಡರಾಯಿತು ಎನ್ನುವವರೂ ಇದ್ದಾರೆ. ಪ್ರತಿ ರಾತ್ರಿ ಬೇರೆ ಜಾಗದಲ್ಲಿ ತಂಗುವವರಿಗೆ ಆ ಮಾತಿನಲ್ಲಿ ಹುರುಳಿದೆ, ಬಿಚ್ಚುವ ಜೋಡಿಸುವ ಕೆಲಸವೇ ಇಲ್ಲ. ಆದರೆ ಒಂದೆಡೆ ಮೂರು ನಾಲ್ಕು ದಿನ ನಿಂತು ಸುತ್ತಮುತ್ತ ನೋಡುವವರು, ಹಾಲು ತರಲೂ ಇಡೀ ಮನೆಯನ್ನು ಕಟ್ಟಿಕೊಂಡು ಹೋಗಬೇಕಾಗುತ್ತದೆ. ಎಂಜಿನ್ ಕೆಟ್ಟರೆ ಮಲಗುವ ಮನೆಯೂ ವರ್ಕ್‌ಶಾಪ್ ಸೇರುತ್ತದೆ. ನನ್ನ ಮನಸ್ಸಿನಲ್ಲಿ ತಕ್ಕಡಿ ಟ್ರೇಲರ್ ಕಡೆಗೆ ವಾಲುವುದು ಮಕ್ಕಳ ಸೀಟುಗಳ ಕಾರಣದಿಂದ. ಟ್ರೇಲರ್ ಎಳೆಯುವಾಗ ಎಲ್ಲರೂ ವಾಹನದ ಸರಿಯಾದ ಸೀಟುಗಳಲ್ಲಿ, ಸರಿಯಾದ ಬೆಲ್ಟ್‌ಗಳೊಂದಿಗೆ ಕುಳಿತಿರುತ್ತಾರೆ. ಮೋಟರ್‌ಹೋಮ್‌ನ ಪಕ್ಕಕ್ಕೆ ಮುಖ ಮಾಡಿದ ಆಸನಗಳಿಗೆ ಮಕ್ಕಳ ಸೀಟು ಕಟ್ಟುವಂತಿಲ್ಲ. ಎಷ್ಟು ಹಾಸಿಗೆಗಳಿವೆಯೋ ಅಷ್ಟು ಸುರಕ್ಷಿತ ಸೀಟುಗಳಿವೆ ಎಂದು ಭಾವಿಸಲೂ ಆಗದು. ಇಲ್ಲಿಯೇ ಹೇಳಿಬಿಡುತ್ತೇನೆ: ಚಲಿಸುವ ಟ್ರಾವೆಲ್ ಟ್ರೇಲರ್‌ನೊಳಗೆ ಯಾರನ್ನೂ, ನಿದ್ದೆ ಹೋದ ಮಗುವನ್ನೂ, ಬಿಡಬಾರದು. ಹಲವು ಕಡೆ ಅದು ಕಾನೂನುಬಾಹಿರ. ಕಾನೂನು ಸುಮ್ಮನಿರುವ ಕಡೆಯೂ ಅದು ಜೀವಕ್ಕೆ ಅಪಾಯ.

ಜೋಡಣೆ ಮತ್ತು ತೂಗಾಟ

ಎಳೆಯುವವರ ಬಾಯಲ್ಲಿ ಅತಿ ಹೆಚ್ಚು ಭಯ ಹುಟ್ಟಿಸುವ ಮಾತು ಸ್ವೇ, ಅಂದರೆ ಟ್ರೇಲರ್ ಎಡಕ್ಕೂ ಬಲಕ್ಕೂ ಲೋಲಕದಂತೆ ತೂಗಾಡುವುದು. ಇಳಿಜಾರಿನಲ್ಲಿ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿ ಹೋದಾಗ ನನಗೆ ಇದರ ಅನುಭವವಾಗಿದೆ: ಮೊದಲು ಲಾರಿಯ ಮುಂದಿನ ಗಾಳಿ ಟ್ರೇಲರನ್ನು ಆಚೆಗೆ ತಳ್ಳಿತು, ಲಾರಿಯ ಮೈ ಪಕ್ಕಕ್ಕೆ ಬಂದಾಗ ತನ್ನತ್ತ ಸೆಳೆಯಿತು, ಮೂರನೆಯ ಓಲಾಟದ ಹೊತ್ತಿಗೆ ವಾಹನದ ಹಿಂಭಾಗವೇ ನಮ್ಮ ಕೆಳಗಿನಿಂದ ಸರಿಯುತ್ತಿರುವಂತೆ ಅನ್ನಿಸಿತು. ಆಗ ಮಾಡಬೇಕಾದುದು ಸಹಜ ಬುದ್ಧಿಗೆ ವಿರುದ್ಧವಾದದ್ದು. ಸ್ಟಿಯರಿಂಗನ್ನು ನೇರವಾಗಿ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬೇಕು, ಟ್ರೇಲರ್‌ನ ಬ್ರೇಕನ್ನು ಮಾತ್ರ ಕೈಯಿಂದ ಒತ್ತಬೇಕು. ವಾಹನದ ಬ್ರೇಕನ್ನು ಜೋರಾಗಿ ತುಳಿಯುವುದೂ ತೂಗಾಟಕ್ಕೆ ಎದುರಾಗಿ ಸ್ಟಿಯರಿಂಗ್ ತಿರುಗಿಸುವುದೂ ಅದನ್ನು ಹೆಚ್ಚಿಸುತ್ತವೆ.

ತೂಗಾಟದ ಮೂಲ ಬಹುತೇಕ ಹಿಂಭಾರ. ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುವಂತೆ, ಟ್ರೇಲರ್‌ನ ಹಿಂದೆ ತೂಕ ಸೇರಿದಷ್ಟೂ ಹಿಚ್ ಮೇಲಿನ ಭಾರ ಇಳಿಯುತ್ತದೆ. ಮಕ್ಕಳಿರುವ ಮನೆಯವರು ಇಷ್ಟಪಡುವ ಬಂಕ್ ಹಾಸಿಗೆಯ ವಿನ್ಯಾಸಗಳಲ್ಲಿ ಬಂಕ್‌ಗಳು ಹೆಚ್ಚಾಗಿ ಹಿಂತುದಿಯಲ್ಲಿರುತ್ತವೆ, ಅವುಗಳ ಕೆಳಗಿನ ಖಾಲಿ ಜಾಗ ಎಲ್ಲ ಭಾರದ ವಸ್ತುಗಳನ್ನೂ ಕರೆಯುತ್ತದೆ. ಅದರ ಮೇಲೆ ಹಿಂದಿನ ಬಂಪರ್‌ಗೆ ಸೈಕಲ್‌ಗಳು. 2,000 ಕಿಲೋ ಟ್ರೇಲರ್‌ನ ಮೂಕಿಯ ಭಾರ 240 ಕಿಲೋ, ಅಂದರೆ ಶೇ. 12 ಇತ್ತೆನ್ನಿ. ಆಕ್ಸಲ್‌ನಿಂದ 4 ಮೀಟರ್ ಹಿಂದೆ ನಾಲ್ಕು ಸೈಕಲ್ ಮತ್ತು ಸ್ಟ್ಯಾಂಡ್ ಸೇರಿ 60 ಕಿಲೋ ತೂಗುಹಾಕಿದರೆ, ಹಿಚ್ ಬಾಲ್ ಆಕ್ಸಲ್‌ನಿಂದ 5 ಮೀಟರ್ ಮುಂದಿದ್ದಾಗ, ಸನ್ನೆಗೋಲಿನ ನಿಯಮದಂತೆ ಮೂಕಿಯಿಂದ 48 ಕಿಲೋ ಕಳೆಯುತ್ತದೆ. ಉಳಿದ 192 ಕಿಲೋ ಈಗಿನ 2,060 ಕಿಲೋಗೆ ಶೇ. 9.3 ಮಾತ್ರ. ಬೆಳಿಗ್ಗೆ ಸುರಕ್ಷಿತವಾಗಿದ್ದ ಟ್ರೇಲರ್ ನಾಲ್ಕು ಸೈಕಲ್‌ಗಳಿಂದ ಅಪಾಯದ ಗೆರೆ ದಾಟಿತು. ನೀರಿನ ತೊಟ್ಟಿ ಆಕ್ಸಲ್‌ನ ಹಿಂದಿದ್ದರೆ ಅದನ್ನು ತುಂಬಿಸಿಕೊಂಡು ಹೊರಡುವುದೂ ಇದೇ ಪರಿಣಾಮ ಮಾಡುತ್ತದೆ. ಆದ್ದರಿಂದ ಎರಡು ಟ್ರೇಲರ್‌ಗಳನ್ನು ಹೋಲಿಸುವಾಗ ತೊಟ್ಟಿ ಎಷ್ಟು ಲೀಟರಿನದು ಎಂದಷ್ಟೇ ಅಲ್ಲದೆ ಎಲ್ಲಿದೆ ಎಂದೂ ಕೇಳಬೇಕು.

ಜೋಡಣೆಯಲ್ಲಿ ಆಯ್ಕೆ ಮೂರು. ಸಾದಾ ಬಾಲ್ ಹಿಚ್ ಹಗುರ ಟ್ರೇಲರ್‌ಗೆ ಸಾಕು. ಭಾರ ಹೆಚ್ಚಿದಂತೆ ವಾಹನದ ಹಿಂಭಾಗ ಕುಸಿದು ಮುಂಭಾಗ ಏಳುತ್ತದೆ. ಆಗ ಕೆಲವರು ಹಿಂದಿನ ಸಸ್ಪೆನ್ಷನ್‌ಗೆ ಏರ್ ಬ್ಯಾಗ್ ಹಾಕಿಸುತ್ತಾರೆ. ನೋಡಲು ವಾಹನ ಸಮವಾಗಿ ನಿಲ್ಲುತ್ತದೆ, ಆದರೆ ಮುಂದಿನ ಚಕ್ರಗಳಿಂದ ಹೋದ ಭಾರ ಮರಳಿ ಬರುವುದಿಲ್ಲ. ರೋಗವನ್ನು ಬಿಟ್ಟು ಲಕ್ಷಣವನ್ನು ಮುಚ್ಚಿದಂತೆ. ಮೂರನೆಯದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್. ಇದರ ಎರಡು ಸ್ಪ್ರಿಂಗ್ ಬಾರ್‌ಗಳು ಸನ್ನೆಯಂತೆ ಕೆಲಸ ಮಾಡಿ, ಹಿಂದಿನ ಆಕ್ಸಲ್ ಮೇಲೆ ಕುಸಿದ ಭಾರದ ಒಂದಂಶವನ್ನು ಮುಂದಿನ ಆಕ್ಸಲ್‌ಗೂ ಟ್ರೇಲರ್‌ನ ಆಕ್ಸಲ್‌ಗೂ ಹಂಚುತ್ತವೆ. ಇದನ್ನು ಹೊಂದಿಸುವಾಗ ಮುಂದಿನ ಚಕ್ರದ ಕಮಾನಿನ ಎತ್ತರವನ್ನು ಟ್ರೇಲರ್ ಜೋಡಿಸುವ ಮುಂಚೆ, ಜೋಡಿಸಿದ ಮೇಲೆ, ಬಾರ್ ಬಿಗಿದ ಮೇಲೆ ಹೀಗೆ ಮೂರು ಸಲ ಅಳೆಯಬೇಕು. ಏರಿದ ಎತ್ತರದಲ್ಲಿ ಎಷ್ಟು ಇಳಿಯಬೇಕೆಂಬುದು ಕೈಪಿಡಿಯಲ್ಲಿರುತ್ತದೆ. ಕೆಲವು ವಾಹನಗಳ ತಯಾರಕರು ಈ ಹಿಚ್ ಬಳಸಲೇಬಾರದೆಂದು ಹೇಳಿರುತ್ತಾರೆ, ಅದನ್ನು ಮೀರಬಾರದು. ಇದು ಭಾರವನ್ನು ಹಂಚುತ್ತದೆಯಷ್ಟೆ, ಫಲಕದ 600 ಕಿಲೋವನ್ನು 700 ಮಾಡುವುದಿಲ್ಲ. ತೂಗಾಟ ತಡೆಯುವ ಘರ್ಷಣೆಯ ಪಟ್ಟಿಗಳು ಈ ಹಿಚ್‌ನೊಂದಿಗೇ ಬರುವುದುಂಟು. ಒಳ್ಳೆಯದೇ, ಆದರೆ ಹಿಂಭಾರದ ಟ್ರೇಲರ್‌ಗೆ ಅವು ಮದ್ದಲ್ಲ.

ಇಲ್ಲಿ ಒಂದು ಎಚ್ಚರಿಕೆ. ಯುರೋಪಿನಲ್ಲಿ ಕ್ಯಾರವಾನ್ ಎಂದು ಕರೆಯುವ ಇಂಥ ಟ್ರೇಲರ್‌ಗಳಲ್ಲಿ ಮೂಕಿಯ ಭಾರ ತೂಕದ ಶೇ. 5ರಿಂದ 7ರಷ್ಟೇ ಇರುತ್ತದೆ, ಅನೇಕ ಕಾರುಗಳ ಹಿಚ್ ಮಿತಿ 75ರಿಂದ 100 ಕಿಲೋ. ಹಾಗಾದರೆ ಶೇ. 10ರ ನಿಯಮ ತಪ್ಪೇ? ಅಲ್ಲ. ಅಲ್ಲಿನ ಕ್ಯಾರವಾನ್‌ಗಳು ಹಗುರ, ಭಾರದ ವಸ್ತುಗಳನ್ನೆಲ್ಲ ಆಕ್ಸಲ್‌ನ ಬಳಿಯೇ ಇಟ್ಟು ಕಟ್ಟಿದವು, ವೇಗದ ಮಿತಿಯೂ ಕಡಿಮೆ: ಜರ್ಮನಿಯಲ್ಲಿ ಗಂಟೆಗೆ 80 ಕಿ.ಮೀ., ವಿಶೇಷ ಅನುಮತಿ ಇದ್ದರೆ 100. ಒಂದು ಕಡೆಯ ಭಾರದ ನಿಯಮವನ್ನೂ ಇನ್ನೊಂದು ಕಡೆಯ ವೇಗವನ್ನೂ ಬೆರೆಸಿಕೊಂಡರೆ ಮಾತ್ರ ಅನಾಹುತ.

ಬ್ರೇಕ್

ಓವರ್‌ರನ್ ಬ್ರೇಕ್‌ನಲ್ಲಿ, ವಾಹನ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುವ ಒತ್ತಡವೇ ಅದರ ಬ್ರೇಕನ್ನು ಹಾಕುತ್ತದೆ. ಸರಳ, ವಾಹನದಲ್ಲಿ ಬೇರೆ ಉಪಕರಣ ಬೇಡ. ಎಲೆಕ್ಟ್ರಿಕ್ ಬ್ರೇಕ್‌ಗೆ ವಾಹನದೊಳಗೆ ಕಂಟ್ರೋಲರ್ ಬೇಕು. ಆದರೆ ತೂಗಾಟದಲ್ಲಿ ಟ್ರೇಲರ್‌ನ ಬ್ರೇಕನ್ನಷ್ಟೇ ಹಾಕುವ ಅವಕಾಶ ಸಿಗುವುದು ಇದರಲ್ಲಿ ಮಾತ್ರ. ಈ ಒಂದು ಕಾರಣಕ್ಕೇ ಭಾರದ ಟ್ರೇಲರ್‌ಗೆ ನಾನು ಎಲೆಕ್ಟ್ರಿಕ್ ಬ್ರೇಕನ್ನೇ ಬಯಸುತ್ತೇನೆ. ಕಂಟ್ರೋಲರ್‌ಗಳಲ್ಲಿ ಕಾಲಾವಧಿಯ ಬಗೆಯದು ನೀವು ಎಷ್ಟೇ ಮೆಲ್ಲಗೆ ತುಳಿದರೂ ಒಂದೇ ಗತಿಯಲ್ಲಿ ಬಲ ಏರಿಸುತ್ತದೆ. ಪ್ರೊಪೋರ್ಷನಲ್ ಬಗೆಯದು ವಾಹನ ನಿಜವಾಗಿ ಎಷ್ಟು ನಿಧಾನವಾಗುತ್ತಿದೆ ಎಂದು ಅಳೆದು ಅದಕ್ಕೆ ತಕ್ಕಷ್ಟೇ ಹಾಕುತ್ತದೆ. ಬೆಲೆ ಹೆಚ್ಚಾದರೂ ಎರಡನೆಯದೇ ಸರಿ. ಅದನ್ನು ಹೊಂದಿಸಲು ಖಾಲಿ, ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತ ಕಂಟ್ರೋಲರ್‌ನ ಕೈ ಲಿವರ್ ಪೂರ್ತಿ ಒತ್ತಿ: ಟ್ರೇಲರ್ ಹಿಂದಿನಿಂದ ಗಟ್ಟಿಯಾಗಿ ಹಿಡಿದೆಳೆದಂತಾಗಬೇಕು, ಚಕ್ರಗಳು ಲಾಕ್ ಆಗಿ ಜಾರಬಾರದು.

ಉದ್ದನೆಯ ಇಳಿಜಾರಿನಲ್ಲಿ ಯಾವ ಬ್ರೇಕೂ ತಾನೊಂದೇ ಸಾಲದು. ಇಳಿಯುವ ಮೊದಲೇ ಗೇರ್ ಇಳಿಸಿ ಎಂಜಿನ್‌ನಿಂದ ವೇಗ ತಡೆದು, ಬ್ರೇಕನ್ನು ಸತತವಾಗಿ ಒತ್ತಿ ಹಿಡಿಯದೆ, ಆಗಾಗ ಗಟ್ಟಿಯಾಗಿ ಒತ್ತಿ ಬಿಡಬೇಕು. ಇಲ್ಲವಾದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕ್ ತಾನಾಗಿ ಬೀಳುವಂತೆ ಮಾಡುವ ಬ್ರೇಕ್‌ಅವೇ ತಂತಿಯನ್ನು ಸುರಕ್ಷತಾ ಸರಪಳಿಗೆ ಸಿಕ್ಕಿಸದೆ ವಾಹನಕ್ಕೇ ಪ್ರತ್ಯೇಕವಾಗಿ ಕಟ್ಟಬೇಕು. ಸರಪಳಿಗಳನ್ನು ಮೂಕಿಯ ಕೆಳಗೆ ಅಡ್ಡಡ್ಡವಾಗಿ ಹಾಯಿಸಬೇಕು, ಹಿಚ್ ಬಿಟ್ಟರೂ ಮೂಕಿ ಆ ತೊಟ್ಟಿಲಲ್ಲಿ ಬೀಳಲಿ ಎಂದು.

ಎಳೆಯುವ ವಾಹನ

ಪಿಕಪ್‌ಗೂ ಎಸ್‌ಯುವಿಗೂ ನಡುವೆ ಆರಿಸುವಾಗ, ಎಂಜಿನ್‌ಗಿಂತ ಮೊದಲು ಬಾಗಿಲ ಚೌಕಟ್ಟಿನ ಫಲಕ ನೋಡಿ. ಒಂದೇ ಮಾದರಿಯ ಎರಡು ವಾಹನಗಳಲ್ಲಿಯೂ ಸನ್‌ರೂಫ್, ದೊಡ್ಡ ಚಕ್ರ, ಹೆಚ್ಚಿನ ಸೀಟು ಮುಂತಾದ ಅಲಂಕಾರ ಇರುವುದು ಕಡಿಮೆ ಹೊರುತ್ತದೆ, ಏಕೆಂದರೆ ಆ ಅಲಂಕಾರವನ್ನೂ ಅದು ಹೊರಬೇಕು. ಮುಂದಿನ ಹಿಂದಿನ ಚಕ್ರಗಳ ಅಂತರ ಹೆಚ್ಚಿದ್ದು, ಹಿಂದಿನ ಆಕ್ಸಲ್‌ನಿಂದ ಹಿಚ್‌ವರೆಗಿನ ದೂರ ಕಡಿಮೆಯಿದ್ದರೆ ಟ್ರೇಲರ್ ವಾಹನವನ್ನು ಅಲುಗಿಸುವುದು ಕಷ್ಟ.

ಬೆಟ್ಟದ ದಾರಿಯಲ್ಲಿ ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 2,400 ಮೀಟರ್ ಏರುವ ಹೊತ್ತಿಗೆ ಕಾಲುಭಾಗದಷ್ಟು ಇಲ್ಲವಾಗಿರುತ್ತದೆ. ಟರ್ಬೊ ಇರುವುದು, ಪೆಟ್ರೋಲ್ ಆಗಲಿ ಡೀಸೆಲ್ ಆಗಲಿ, ಅಲ್ಲಿ ಹೆಚ್ಚು ಉಳಿಸಿಕೊಳ್ಳುತ್ತದೆ. ವಿದ್ಯುತ್ ವಾಹನಗಳು ಎಳೆಯುವಲ್ಲಿ ಗಟ್ಟಿ, ಇಳಿಜಾರಿನಲ್ಲಿ ಮೋಟರ್‌ನಿಂದಲೇ ವೇಗ ತಡೆಯುತ್ತವೆ. ಆದರೆ ಎತ್ತರದ ಟ್ರೇಲರ್ ಹಿಂದಿದ್ದರೆ ಒಂದು ಚಾರ್ಜ್‌ನ ದೂರ ಅರ್ಧಕ್ಕೆ ಇಳಿಯುವುದು ಸಾಮಾನ್ಯ, ಹಲವು ಚಾರ್ಜಿಂಗ್ ತಾಣಗಳಲ್ಲಿ ಟ್ರೇಲರ್ ಬಿಚ್ಚದೆ ನಿಲ್ಲಿಸಲು ಜಾಗವೂ ಇರುವುದಿಲ್ಲ. ಹತ್ತಿರದ ಪ್ರವಾಸಕ್ಕೆ ಸರಿ, ಮಕ್ಕಳೊಂದಿಗೆ ದೂರ ಹೋಗಲು ಸದ್ಯಕ್ಕೆ ನಾನು ಅದನ್ನು ಆರಿಸುವುದಿಲ್ಲ.

ಇಂಧನದ ಖರ್ಚಿನಲ್ಲಿ ತೂಕಕ್ಕಿಂತ ಟ್ರೇಲರ್‌ನ ಮುಖದ ಅಗಲ ಎತ್ತರಗಳೇ ಹೆದ್ದಾರಿಯಲ್ಲಿ ಹೆಚ್ಚು ತಿನ್ನುತ್ತವೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 105 ಕಿ.ಮೀ.ನಿಂದ 90ಕ್ಕೆ ಇಳಿದರೆ ಅದು ಕಾಲುಭಾಗಕ್ಕಿಂತ ಹೆಚ್ಚು ತಗ್ಗುತ್ತದೆ. 105 ದಾಟದಿರಲು ಇನ್ನೊಂದು ಕಾರಣವೂ ಇದೆ: ಟ್ರೇಲರ್‌ಗೆಂದೇ ಮಾಡಿದ ಎಸ್‌ಟಿ ಟೈರ್‌ಗಳಲ್ಲಿ ಹಲವನ್ನು ಅದಕ್ಕಿಂತ ಹೆಚ್ಚಿನ ವೇಗಕ್ಕೆ ಮಾಡಿರುವುದಿಲ್ಲ. ಅಂಥ ಟೈರ್‌ಗಳು ಸವೆಯುವ ಮೊದಲೇ ಮುಪ್ಪಾಗುತ್ತವೆ. ಅಮೆರಿಕದ ಸಾರಿಗೆ ಇಲಾಖೆಯ ಡಿಒಟಿ ಸಂಕೇತವಿರುವ ಟೈರ್‌ನ ಬದಿಯಲ್ಲಿ ಕೊನೆಯ ನಾಲ್ಕು ಅಂಕಿಗಳನ್ನು ಓದಿ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು, ಗೀರು ಎಷ್ಟೇ ಆಳವಿದ್ದರೂ ಐದಾರು ವರ್ಷ ದಾಟಿದ್ದನ್ನು ನಂಬಬೇಡಿ. ಬಾಡಿಗೆಯ ಟ್ರೇಲರ್‌ಗಳಲ್ಲಿ ಇದನ್ನು ನೋಡುವವರೇ ಕಡಿಮೆ.

ದಿನದ ದೂರ

ಎಳೆಯುವವರ ನಡುವೆ ಮೂರು ಮೂರುಗಳ ಒಂದು ನಿಯಮ ಚಾಲ್ತಿಯಲ್ಲಿದೆ: ದಿನಕ್ಕೆ 300 ಮೈಲಿ, ಅಂದರೆ ಸುಮಾರು 480 ಕಿ.ಮೀ. ಮೀರಬಾರದು, ಮಧ್ಯಾಹ್ನ 3 ಗಂಟೆಗೆ ತಲಪಬೇಕು, ಅಲ್ಲಿ 3 ರಾತ್ರಿ ತಂಗಬೇಕು. ಮಕ್ಕಳಿದ್ದರೆ 480 ಕೂಡ ಹೆಚ್ಚು. 320ಕ್ಕೆ ಇಳಿಸಿಕೊಂಡವರೇ ಖುಷಿಯಾಗಿರುವುದನ್ನು ಕಂಡಿದ್ದೇನೆ. ಮೂರು ಗಂಟೆಯ ಮಾತನ್ನಂತೂ ಬಿಡಬೇಡಿ, ಏಕೆಂದರೆ ಟ್ರೇಲರನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸುವ ಕೆಲಸ ಹಗಲಿನಲ್ಲಿ ಹತ್ತು ನಿಮಿಷದ್ದಾದರೆ ಕತ್ತಲಲ್ಲಿ ಒಂದು ಗಂಟೆಯದು. ಕೈಯನ್ನು ಸ್ಟಿಯರಿಂಗ್‌ನ ಕೆಳತುದಿಯಲ್ಲಿ ಇಟ್ಟುಕೊಂಡರೆ, ಕೈ ಸರಿದ ಕಡೆಗೇ ಟ್ರೇಲರ್‌ನ ಹಿಂಭಾಗ ಸರಿಯುತ್ತದೆ. ನಿಂತ ಮೇಲೆ, ಹಿಚ್ ಬಿಚ್ಚುವ ಮೊದಲು ಟ್ರೇಲರ್‌ನ ಚಕ್ರಗಳಿಗೆ ಅಡ್ಡಗಟ್ಟೆ ಇಡಬೇಕು. ಈ ಕ್ರಮ ತಪ್ಪಿದರೆ ಇಳಿಜಾರಿನಲ್ಲಿ ಟ್ರೇಲರ್ ಹೊರಟುಬಿಡುತ್ತದೆ.

ಹೊರಡುವ ಮುನ್ನ

ಎರಡು ಬಗೆಯ ನಡುವೆ ಮನಸ್ಸು ತೂಗುಯ್ಯಾಲೆಯಾಡುತ್ತಿದ್ದರೆ, ಒಂದೊಂದನ್ನೂ ಎರಡು ರಾತ್ರಿಗೆ ಬಾಡಿಗೆಗೆ ಪಡೆದು, ದೂರ ಪ್ರಯಾಣಕ್ಕೆ ತುಂಬುವಷ್ಟೇ ಸಾಮಾನು ತುಂಬಿ, ಮನೆಮಂದಿಯೆಲ್ಲ ಹೊರಡುವುದು ಒಳ್ಳೆಯದು. ಚಕ್ರಗಳ ನಟ್‌ಗಳನ್ನು ಹೊಸದಾಗಿ ಬಿಗಿದಿದ್ದರೆ ಮೊದಲ 80ರಿಂದ 160 ಕಿ.ಮೀ. ಒಳಗೆ ಟಾರ್ಕ್ ವ್ರೆಂಚ್‌ನಿಂದ ಮತ್ತೊಮ್ಮೆ ಪರೀಕ್ಷಿಸಿ. ದಾರಿಯಲ್ಲಿ ವೇಬ್ರಿಡ್ಜ್ ಸಿಕ್ಕರೆ ಮೊದಲು ಇಡೀ ಜೋಡಿಯನ್ನು ತೂಗಿಸಿ. ನಂತರ ಸ್ಪ್ರಿಂಗ್ ಬಾರ್‌ಗಳನ್ನು ಸಡಿಲಿಸಿ, ಟ್ರೇಲರ್ ಜೋಡಿಸಿದಂತೆಯೇ ಇರುವಾಗ ವಾಹನದ ಚಕ್ರಗಳಷ್ಟೇ ತೂಕದ ಹಾಸಿನ ಮೇಲಿರುವಂತೆ ನಿಲ್ಲಿಸಿ. ಕೊನೆಗೆ ಟ್ರೇಲರ್ ಬಿಚ್ಚಿ ವಾಹನವೊಂದನ್ನೇ ತೂಗಿಸಿ. ಕಡೆಯ ಎರಡು ಅಂಕಿಗಳ ವ್ಯತ್ಯಾಸವೇ ನಿಮ್ಮ ನಿಜವಾದ ಮೂಕಿಯ ಭಾರ. ಕುಟುಂಬದವರೆಲ್ಲ ವಾಹನದೊಳಗೆ ಕುಳಿತೇ ಇರಲಿ, ಅವರೂ ಹೊರೆಯ ಪಾಲೇ.

ಆ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಚಾಲಕನ ಮುಂದಿನ ಸನ್ ವೈಸರ್‌ಗೆ ಅಂಟಿಸಿಕೊಂಡಿದ್ದೇನೆ. ಅವುಗಳ ಕೆಳಗೆ, ದೊಡ್ಡ ಅಕ್ಷರದಲ್ಲಿ, ಛಾವಣಿಯ ಏರ್ ಕಂಡೀಷನರ್ ಸೇರಿಸಿ ಅಳೆದ ಟ್ರೇಲರ್‌ನ ಎತ್ತರವೂ ಇದೆ. ತಗ್ಗು ಸೇತುವೆಯ ಫಲಕ ಕಂಡ ಕೂಡಲೇ ಹಿಂದಿನ ಸೀಟಿನಿಂದ ಮಗಳು ಅದನ್ನು ಗಟ್ಟಿಯಾಗಿ ಓದುತ್ತಾಳೆ.